ನುಡಿಯೂ ಒಂದು ತೂಕದ ಕಲ್ಲು
(ಮಠದ ಮಹೋತ್ಸವದ ಧರ್ಮಸಭೆಯಲ್ಲಿ ವ್ಯವಹಾರಸ್ಥ ಸದ್ಭಕ್ತರನ್ನುದ್ದೇಶಿಸಿದ ಉಪನ್ಯಾಸ)

 

ಧರ್ಮಸಭೆಯಲ್ಲಿ ಅಂಗಡಿಯ ಮಾತೇಕೆ, ಪಟ್ಟಿ ಪಾವತಿಗಳ ವಿಚಾರವೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಶರಣಧರ್ಮವು ಕಾಯಕವನ್ನು ಪೂಜೆಯಿಂದ ಎಂದೂ ಬೇರ್ಪಡಿಸಲಿಲ್ಲ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದು ಲೆಕ್ಕಪತ್ರಗಳ ನಡುವೆಯೇ ಬಾಳಿದರು. ಸುಂಕದ ಬಂಕಣ್ಣನ ಕಾಯಕವು ಯಾವದೆಂಬದನ್ನು ಅವನ ಹೆಸರೇ ಹೇಳುತ್ತದೆ. ಆದಯ್ಯನು ವ್ಯಾಪಾರಕ್ಕಾಗಿ ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದವನು. ಇಂಥವರು ಆಡಿದ ನುಡಿಗಳಿಗೆ ‘ವಚನ’ವೆಂದು ಹೆಸರಾಯಿತು. ಕನ್ನಡದಲ್ಲಿ ವಚನವೆಂದರೆ ಆಡಿದ ಮಾತೂ ಹೌದು, ಕೊಟ್ಟ ಮಾತೂ ಹೌದು. ಒಂದೇ ಶಬ್ದವು ಈ ಎರಡನ್ನೂ ಹೊತ್ತಿರುವದರಿಂದ, ಆಡುವಾಗಲೇ ಕೊಡುವ ಹೊಣೆಯು ಹುಟ್ಟುತ್ತದೆಂಬದು ಸ್ಪಷ್ಟವಾಗುವದು.

ಕಳ್ಳತೂಕವು ಪಾಪವೆಂಬದನ್ನು ಎಲ್ಲರೂ ಬಲ್ಲರು. ತಕ್ಕಡಿಯ ಕೆಳಗೆ ಹುಣಸೆಹಣ್ಣು ಅಂಟಿಸಿದವನನ್ನು ಊರು ಕ್ಷಮಿಸುವದಿಲ್ಲ. ಆದರೆ ಎರಡು ಅರ್ಥ ಬರುವಂತೆ ಮಾತಾಡಿ, ತನಗೆ ಲಾಭವಾದ ಅರ್ಥವನ್ನು ಆಮೇಲೆ ಹೊರಗೆ ತೆಗೆದವನನ್ನು ಜಾಣನೆಂದು ಹೊಗಳುವ ರೂಢಿಯು ಬೆಳೆದಿದೆ. ಇದು ಸರಿಯಲ್ಲ. ನುಡಿಯೂ ಒಂದು ತೂಕದ ಕಲ್ಲು. ಅದು ಕೊಡುವವನ ಕೈಯಲ್ಲಿಯೂ ಕೊಳ್ಳುವವನ ಕೈಯಲ್ಲಿಯೂ ಒಂದೇ ತೂಕವಿರಬೇಕು. ಇದೇ ಈ ಉಪನ್ಯಾಸದ ತಾತ್ಪರ್ಯ.

ಇದಕ್ಕೆ ದೂರದ ದೃಷ್ಟಾಂತ ಬೇಕಿಲ್ಲ. ಮಸ್ಕಿಯ ಗುಡ್ಡದಲ್ಲಿಯೇ ಎರಡು ಸಾವಿರದ ಇನ್ನೂರು ವರುಷಕ್ಕೂ ಮಿಕ್ಕಿದ ಕಾಲದ ಒಂದು ಬರಹವಿದೆ. 1915ನೆಯ ಇಸವಿಯಲ್ಲಿ ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬವನಿಗೆ ಅದು ಗೋಚರಿಸಿತು. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು 1837ರಲ್ಲಿಯೇ ಓದಿ ಮುಗಿಸಿದ್ದನು. ಭರತಖಂಡದ ಬಂಡೆಗಳ ಮೇಲೆಯೂ ಕಂಬಗಳ ಮೇಲೆಯೂ ‘ದೇವಾನಾಂಪ್ರಿಯ’ ‘ಪ್ರಿಯದರ್ಶಿ’ ಎಂಬ ಬಿರುದುಗಳು ದೊರೆತವು. ಆ ಅರಸನು ಅಶೋಕನೇ ಆಗಿರಬೇಕೆಂದು ಸಿಂಹಳದ ಗ್ರಂಥಗಳ ಬಲದಿಂದ ವಿದ್ವಾಂಸರು ಊಹಿಸಿದರು. ಆದರೆ ಕಲ್ಲಿನಲ್ಲಿ ಸ್ವಂತ ಹೆಸರಿರಲಿಲ್ಲ. ಆ ಹೆಸರು ಮೊತ್ತಮೊದಲು ದೊರೆತದ್ದು ಮಸ್ಕಿಯಲ್ಲಿ. ‘ದೇವಾನಾಂಪ್ರಿಯ ಅಶೋಕ’ನೆಂದು ಅಲ್ಲಿ ಕೊರೆದಿರುವದರಿಂದ ಊಹೆಯು ನಿಶ್ಚಯವಾಯಿತು.

ಇದರಲ್ಲಿ ವ್ಯವಹಾರಸ್ಥನಿಗೆ ಒಂದು ಪಾಠವಿದೆ. ಚಕ್ರವರ್ತಿಯ ಬರಹಗಳು ನಾಡೆಲ್ಲ ಇದ್ದರೂ, ಬರೆಯಿಸಿದವನ ಹೆಸರು ಒಂದು ಶಬ್ದದಲ್ಲಿ ಸಿಗದ ಕಾರಣ, ಲಿಪಿಯನ್ನು ಓದಿದ ಮೇಲೆಯೂ 78 ವರುಷ ವಿದ್ವಾಂಸರು ಊಹೆಯ ಮೇಲೆಯೇ ನಿಲ್ಲಬೇಕಾಯಿತು. ಬಿರುದು ಬರೆಯುವವನಿಗೆ ಸಾಕಾಗಿತ್ತು; ಆ ಕಾಲದ ಜನರಿಗೆ ಅರಸನು ಯಾರೆಂಬದು ಗೊತ್ತಿತ್ತು. ಮುಂದೆ ಓದುವವರಿಗೆ ಗೊತ್ತಿರಲಿಲ್ಲ. ವ್ಯಾಪಾರದ ಪತ್ರಗಳಲ್ಲಿ ಆಗುವ ಬಹುತೇಕ ದೋಷಗಳು ಇದೇ ಬಗೆಯವು. ಬರೆಯುವವನು ತನಗೆ ಗೊತ್ತಿರುವದು ಓದುವವನಿಗೂ ಗೊತ್ತಿದೆಯೆಂದು ನಂಬುತ್ತಾನೆ. ‘ಆ ಮಾಲು’, ‘ಹಿಂದಿನಂತೆ’, ‘ಮೊನ್ನೆ ಹೇಳಿದ ದರ’ ಎಂದು ಬರೆದು ಬಿಡುತ್ತಾನೆ. ಬರೆದ ದಿನ ಅದು ತಿಳಿಯುವದು. ಎರಡು ವರುಷದ ಮೇಲೆ, ಬರೆದವನು ಲಿಂಗೈಕ್ಯನಾಗಿ ಮಕ್ಕಳು ಪತ್ರವನ್ನು ಬಿಚ್ಚಿದಾಗ, ಯಾವ ಮಾಲು, ಯಾವ ದರ ಎಂದು ಹೇಳುವವರು ಯಾರು?

ಮಸ್ಕಿಯ ಶಾಸನದ ಒಳಗಿನ ವಿಷಯವೂ ವಿಚಾರಯೋಗ್ಯವಾದದ್ದು. ಧರ್ಮದಲ್ಲಿ ನಡೆಯುವ ಸಾಧನೆಯು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಾಮಾನ್ಯನಿಗೂ ಸಾಧ್ಯವು. ಇದನ್ನು ಕಿರಿಯರಿಗೂ ಹಿರಿಯರಿಗೂ ಸಮನಾಗಿ ತಿಳಿಸಬೇಕು ಎಂಬದು ಅದರ ಅಭಿಪ್ರಾಯ. ಇದೇ ಬಗೆಯ ಶಾಸನಗಳು ಕೊಪ್ಪಳದಲ್ಲಿ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇವೆ. ಇನ್ನು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದಲ್ಲಿ ದೊರೆತ ಶಿಲೆಯ ಮೇಲೆ ಅಶೋಕನ 12ನೆಯ ಮತ್ತು 14ನೆಯ ಶಿಲಾಶಾಸನಗಳಿವೆ. 12ನೆಯದರಲ್ಲಿ ವಾಕ್ಸಂಯಮದ ಉಪದೇಶವಿದೆ: ಸಮಯವಲ್ಲದ ಸಮಯದಲ್ಲಿ ತನ್ನ ಮತವನ್ನು ಹೊಗಳಬಾರದು, ಪರರದನ್ನು ಹಳಿಯಬಾರದು. ಪಕ್ಕದ ಅಂಗಡಿಯ ಮಾಲನ್ನು ಹಳಿದು ತನ್ನದನ್ನು ಮಾರುವವರು ಇದನ್ನು ನೆನೆಯಬೇಕು. 14ನೆಯದರಲ್ಲಿ ತನ್ನ ಲಿಪಿಗಳು ಕೆಲವೆಡೆ ಸಂಕ್ಷೇಪವಾಗಿಯೂ ಕೆಲವೆಡೆ ವಿಸ್ತಾರವಾಗಿಯೂ ಇವೆಯೆಂದೂ, ಜನರು ಅದರಂತೆ ನಡೆಯಲೆಂದು ಕೆಲವು ಮಾತುಗಳನ್ನು ಮತ್ತೆ ಮತ್ತೆ ಹೇಳಲಾಗಿದೆಯೆಂದೂ, ಲಿಪಿಕಾರನ ತಪ್ಪಿನಿಂದ ಕೆಲವೆಡೆ ಕೊರತೆಯಾಗಿರಬಹುದೆಂದೂ ಅರಸನು ಹೇಳಿಕೊಂಡಿದ್ದಾನೆ. ತನ್ನ ಬರಹದಲ್ಲಿ ತಪ್ಪಿರಬಹುದೆಂದು ಒಪ್ಪಿಕೊಳ್ಳುವದು ಅಷ್ಟು ದೊಡ್ಡ ಅರಸನಿಗೆ ಅವಮಾನವಾಗಲಿಲ್ಲ. ಪಟ್ಟಿಯಲ್ಲಿ ಕೂಡಿಸುವಾಗ ಆದ ತಪ್ಪನ್ನು ಒಪ್ಪಿಕೊಳ್ಳಲು ಒಬ್ಬ ವ್ಯಾಪಾರಿಯು ಏಕೆ ಅಂಜಬೇಕು?

ಈ ನಾಡಿನ ಹಿರಿಯರು ಮಾತಿನ ಸ್ಪಷ್ಟತೆಗಾಗಿ ಎಷ್ಟು ಕಷ್ಟಪಟ್ಟರೆಂಬದನ್ನು ಈಗಿನ ತರುಣರು ಬಹುಶಃ ಅರಿಯರು. 1948ರ ವರೆಗೆ ಈ ಸೀಮೆಯು ನಿಜಾಮ ಸಂಸ್ಥಾನದಲ್ಲಿದ್ದಿತು. ಮನೆಯ ಮಾತು ಕನ್ನಡ. ಕಚೇರಿಯ ಭಾಷೆಯು ಮೊದಲು ಪಾರಸಿ, ಅನಂತರ ಉರ್ದು. ಹೊರನಾಡಿನ ಸಾಹುಕಾರರ ವಹಿಗಳು ಅವರವರ ಲಿಪಿಯಲ್ಲಿ. ರೈತನು ಹೆಬ್ಬೆರಳು ಒತ್ತುವ ಕಾಗದದಲ್ಲಿ ಏನಿದೆಯೆಂಬದನ್ನು ತಿಳಿಯಲು ಇನ್ನೊಬ್ಬನ ಬಾಯಿಯನ್ನೇ ನಂಬಬೇಕಾಗುತ್ತಿತ್ತು. ಹಣದಲ್ಲಿಯೂ ಎರಡು ಬಗೆ. ಸಂಸ್ಥಾನದ್ದು ಹಾಲಿ ಸಿಕ್ಕಾ, ಇಂಗ್ಲಿಷ್ ಸರಕಾರದ್ದು ಕಲ್ದಾರ್. ತುಂಗಭದ್ರೆಯ ಆಚೆ ಬಳ್ಳಾರಿಯ ಪೇಟೆಯಲ್ಲಿ ಕಲ್ದಾರ್ ನಡೆದರೆ ಈಚೆ ಹಾಲಿ ನಡೆಯುತ್ತಿತ್ತು. ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಂದು ದರವಿತ್ತು. ಒಂದು ಪತ್ರದಲ್ಲಿ ‘ನೂರು ರೂಪಾಯಿ’ ಎಂದಷ್ಟೇ ಬರೆದು ಹಾಲಿಯೋ ಕಲ್ದಾರೋ ಎಂದು ಬರೆಯದಿದ್ದರೆ, ಆ ಒಂದು ಶಬ್ದದ ಬೆಲೆ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ! ಹಾಲಿ ನಾಣ್ಯವು 1959ರಲ್ಲಿ ಚಲಾವಣೆಯಿಂದ ಹೋಯಿತು; ಆದರೆ ಅದು ಕಲಿಸಿದ ಪಾಠವು ಹೋಗಿಲ್ಲ.

ಇಸವಿಯ ಸಂಗತಿಯೂ ಹೀಗೆಯೇ. ಸಂಸ್ಥಾನದ ದಫ್ತರಗಳಲ್ಲಿ ಫಸಲಿ, ಮುಸಲ್ಮಾನ ಬಾಂಧವರಲ್ಲಿ ಹಿಜರಿ, ಪಂಚಾಂಗದಲ್ಲಿ ಶಾಲಿವಾಹನ ಶಕ. ಹಿಜರಿ 1348 ಎಂದರೆ 1929-30. ಫಸಲಿ 1348 ಎಂದರೆ 1938-39. ಸಾಲಪತ್ರದಲ್ಲಿ ಬರಿಯ ‘1348’ ಎಂದಿದ್ದರೆ ನಡುವೆ ಒಂಬತ್ತು ವರುಷದ ಅಂತರ! ಒಂಬತ್ತು ವರುಷದ ಬಡ್ಡಿಯು ಒಬ್ಬ ಒಕ್ಕಲಿಗನ ಹೊಲವನ್ನೇ ನುಂಗಬಲ್ಲದು.

ಆದುದರಿಂದ ಹಳೆಯ ವರ್ತಕರು ಎಚ್ಚರದಿಂದ ಬರೆಯುವದನ್ನು ಒಂದು ನೇಮವಾಗಿ ಮಾಡಿಕೊಂಡಿದ್ದರು. ಹುಂಡಿಯನ್ನು ನೋಡಿರಿ. ಅದರಲ್ಲಿ ಹಣವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು ಸುಮ್ಮನಾಗುತ್ತಿರಲಿಲ್ಲ. ನೂರು ರೂಪಾಯಿಯಾದರೆ, ಅದರ ಅರ್ಧವಾದ ಐವತ್ತರ ಇಮ್ಮಡಿ ಎಂದು ಮತ್ತೊಮ್ಮೆ ಬರೆಯುತ್ತಿದ್ದರು. ಒಂದು ಸೊನ್ನೆಯನ್ನು ಸೇರಿಸಿ ಮೋಸಮಾಡಲು ಇದರಿಂದ ಎಡೆಯಿರಲಿಲ್ಲ. ಅಶೋಕನು ಮರುನುಡಿಯನ್ನು ಸಮರ್ಥಿಸಿದ್ದೂ, ಹುಂಡಿಯನ್ನು ಬರೆಯುವ ಗುಮಾಸ್ತನು ಮೂರು ಸಲ ಬರೆದದ್ದೂ ಒಂದೇ ಕಾರಣಕ್ಕೆ. ಮುಖ್ಯವಾದ ಮಾತನ್ನು ಎರಡು ಸಲ ಹೇಳುವದು ದೋಷವಲ್ಲ. ಅಮುಖ್ಯವಾದದ್ದನ್ನು ಒಂದು ಸಲ ಹೇಳುವದೂ ಹೆಚ್ಚೇ.

ಕಾಯಿದೆಯೂ ಇದನ್ನೇ ಹೇಳುತ್ತದೆ. 1881ರ ಹುಂಡಿ ಪತ್ರಗಳ ಕಾಯಿದೆಯ ಪ್ರಕಾರ ಅಂಕಿಗೂ ಅಕ್ಷರಕ್ಕೂ ಭೇದ ಬಂದರೆ ಅಕ್ಷರದಲ್ಲಿ ಬರೆದದ್ದೇ ನಿಲ್ಲುವದು. ಅಂಕಿಗಿಂತ ನುಡಿಗೆ ಹೆಚ್ಚಿನ ತೂಕವಿದೆಯೆಂದು ನ್ಯಾಯಶಾಸ್ತ್ರವೇ ಒಪ್ಪಿದಂತಾಯಿತು. 1872ರ ಕರಾರು ಕಾಯಿದೆಯು ಒಪ್ಪಿಗೆಯೆಂದರೇನೆಂಬದನ್ನು ವಿವರಿಸುವಾಗ, ಇಬ್ಬರೂ ಒಂದೇ ಸಂಗತಿಗೆ ಒಂದೇ ಅರ್ಥದಲ್ಲಿ ಒಪ್ಪಿರಬೇಕೆಂದು ಹೇಳುತ್ತದೆ. ಅದೇ ಕಾಯಿದೆಯು ಒಂದು ಉದಾಹರಣೆಯನ್ನು ಕೊಡುತ್ತದೆ: ನೂರು ಟನ್ ಎಣ್ಣೆಯನ್ನು ಮಾರುವೆನೆಂದು ಒಬ್ಬನು ಒಪ್ಪಿ, ಯಾವ ಬಗೆಯ ಎಣ್ಣೆಯೆಂಬದು ಯಾವದರಿಂದಲೂ ತಿಳಿಯದಿದ್ದರೆ ಆ ಕರಾರು ನಿಲ್ಲದು. ಶೇಂಗಾ ಎಣ್ಣೆಯೋ ಕುಸುಬೆ ಎಣ್ಣೆಯೋ ಎಂಬದನ್ನು ಹೇಳದೆ ‘ಎಣ್ಣೆ’ ಎಂದವನು ಏನನ್ನೂ ಹೇಳಿದಂತಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪವು ಬರುವದು. “ಎಲ್ಲವನ್ನೂ ಬಿಚ್ಚಿ ಹೇಳಿದರೆ ವ್ಯಾಪಾರ ನಡೆಯುವದು ಹೇಗೆ? ಲಾಭವು ಗುಟ್ಟಿನಲ್ಲಿದೆ” ಎಂದು ಅನುಭವಿಗಳಾದ ವರ್ತಕರು ಕೇಳುತ್ತಾರೆ. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ತಾನು ಎಷ್ಟಕ್ಕೆ ಕೊಂಡೆ, ಎಷ್ಟರ ವರೆಗೆ ಇಳಿಯಬಲ್ಲೆ ಎಂಬದನ್ನು ಯಾವ ವ್ಯಾಪಾರಿಯೂ ಸಾರಬೇಕಾಗಿಲ್ಲ. ಆದರೆ ಆಡದಿರುವ ಮಾತು ಬೇರೆ, ಆಡಿ ಮುಸುಕಿದ ಮಾತು ಬೇರೆ. ಆಡದ ಮಾತಿನಿಂದ ಇನ್ನೊಬ್ಬನು ಏನನ್ನೂ ಕೊಟ್ಟಂತಾಗುವದಿಲ್ಲ. ಮುಸುಕಿದ ಮಾತಿನಿಂದ ಅವನು ತಾನು ಕೊಡಲೊಪ್ಪದಿದ್ದುದನ್ನು ಕೊಟ್ಟುಬಿಡುತ್ತಾನೆ. ಹಿಂದೆ ಪೇಟೆಗಳಲ್ಲಿ ಕೊಳ್ಳುವವನೂ ದಲಾಲನೂ ಶಲ್ಯದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದರು. ಮಾಲು ತಂದ ರೈತನು ಎದುರಿಗೇ ನಿಂತಿದ್ದರೂ ತನ್ನ ಬೆಳೆಯ ಬೆಲೆಯನ್ನು ತಾನೇ ಕೇಳಲಾರದವನಾಗಿದ್ದನು. ಮಾರುಕಟ್ಟೆಗಳನ್ನು ಕಾಯಿದೆಯ ಕೆಳಗೆ ತಂದು, ಬಹಿರಂಗವಾಗಿ ಸವಾಲು ನಡೆಯಬೇಕೆಂದು ಗೊತ್ತುಮಾಡಿದ್ದು ಈ ಶಲ್ಯವನ್ನು ತೆಗೆಯುವದಕ್ಕಾಗಿಯೇ. ಈಗ ಬಟ್ಟೆಯ ಶಲ್ಯವು ಹೋಗಿದೆ. ಮಾತಿನ ಶಲ್ಯವು ಉಳಿಯಬಾರದು.

ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು 1953ರಲ್ಲಿ ಪೂರ್ತಿಯಾಗಿ ಎಡದಂಡೆಯ ಕಾಲುವೆಯಿಂದ ನೀರು ಬಂದ ಮೇಲೆ ಸಿಂಧನೂರಿನ ಸೀಮೆಯ ರೂಪವೇ ಬದಲಾಯಿತು. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತವು ಬೆಳೆಯಿತು. ಅಕ್ಕಿಯ ಗಿರಣಿಗಳು ಎದ್ದವು. ತೆಲುಗು ಸೀಮೆಯ ಒಕ್ಕಲಿಗರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಮನೆಮಾರು ಕಳೆದುಕೊಂಡು ಬಂದ ಕುಟುಂಬಗಳೂ ಇದೇ ತಾಲ್ಲೂಕಿನಲ್ಲಿ ನೆಲೆಸಿದವು. ಹೀಗಾಗಿ ಒಂದೇ ಅಡತಿಯ ಅಂಗಡಿಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ಮಾತಾಡುವವರು ಒಟ್ಟಿಗೆ ಕೂಡ್ರುತ್ತಾರೆ. ಇಂಥ ಪೇಟೆಯಲ್ಲಿ ಅಡ್ಡಮಾತು, ಅರ್ಧಮಾತು, ಒಗಟುಮಾತುಗಳು ಎಷ್ಟು ಅಪಾಯವೆಂಬದನ್ನು ಬೇರೆ ಹೇಳಬೇಕಾಗಿಲ್ಲ. ತೂಕದಲ್ಲಿ ಇಷ್ಟು ಸೂಟು, ಇಷ್ಟು ಹಮಾಲಿ ಎಂದು ಮೊದಲೇ ತಿಳಿಯಹೇಳಿ ಪಟ್ಟಿಯಲ್ಲಿ ಬೇರೆ ಬೇರೆ ಸಾಲಾಗಿ ಬರೆದರೆ ರೈತನು ಒಪ್ಪಬಹುದು ಅಥವಾ ಒಲ್ಲೆನೆನ್ನಬಹುದು. ‘ಇತರೆ’ ಎಂಬ ಒಂದೇ ಶಬ್ದದ ಹೊಟ್ಟೆಯಲ್ಲಿ ಎಲ್ಲವನ್ನೂ ತುಂಬಿದರೆ ಅವನಿಗೆ ಒಪ್ಪುವ ಹಕ್ಕೂ ಇಲ್ಲ, ಒಲ್ಲೆನೆನ್ನುವ ಹಕ್ಕೂ ಇಲ್ಲ.

ಇದಕ್ಕಿಂತಲೂ ಘೋರವಾದದ್ದು ಜಾಮೀನಿನ ಸಂಗತಿ. “ಕಾಕಾ, ಇಲ್ಲೊಂದು ಸಹಿ ಮಾಡ್ರಿ, ಏನೂ ಆಗಂಗಿಲ್ಲ” ಎಂದು ಬೇಕಾದವರು ಕೇಳುತ್ತಾರೆ. ಸಾಕ್ಷಿಯ ಸಹಿಯೆಂದು ತಿಳಿದು ಹಿರಿಯನು ಬರೆದುಕೊಡುತ್ತಾನೆ. ಅದು ಜಾಮೀನಿನ ಸಹಿ. ಕರಾರಿನಲ್ಲಿ ಬೇರೆ ಹೇಳದಿದ್ದರೆ ಸಾಲಗಾರನ ಹೊಣೆಯೆಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂದು ಕಾಯಿದೆಯು ಹೇಳುತ್ತದೆ. ನೋಟೀಸು ಮನೆಗೆ ಬಂದ ದಿನ, ಒಂದು ಕಾಳನ್ನೂ ಸಾಲವಾಗಿ ತಾರದ ಮನೆಯಲ್ಲಿ ಒಲೆ ಉರಿಯದು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ‘ಇದು ಜಾಮೀನು, ಅವನು ತೀರಿಸದಿದ್ದರೆ ನೀವು ತೀರಿಸಬೇಕು’ ಎಂಬ ಐದಾರು ಶಬ್ದಗಳನ್ನು ಯಾರೂ ಆಡಲಿಲ್ಲ, ಅಷ್ಟೇ. ಆ ಶಬ್ದಗಳನ್ನು ಆಡಿದ್ದರೆ ಸಹಿಯು ಸಿಗುತ್ತಿರಲಿಲ್ಲವೆಂಬದು ಕೇಳಿದವನಿಗೆ ಗೊತ್ತಿತ್ತು. ಯಾವ ಮಾತನ್ನು ಸ್ಪಷ್ಟವಾಗಿ ಆಡಿದರೆ ಕೆಲಸ ಕೆಡುವದೋ, ಆ ಕೆಲಸವೇ ಕೆಟ್ಟದ್ದೆಂದು ತಿಳಿಯತಕ್ಕದ್ದು.

ಈ ಸೀಮೆಗೆ ಇದನ್ನು ಕಲಿಸಲು ಹೊರಗಿನ ಗುರುವು ಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಊರು. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುವದು ಅವರ ಕಾಯಕ. ಒಂದು ದಿನ ಬಸವಣ್ಣನವರು ಹೆಚ್ಚು ಅಕ್ಕಿ ಚೆಲ್ಲಿಸಿದ್ದರು. ಮಾರಯ್ಯನು ಎಂದಿಗಿಂತ ಹೆಚ್ಚು ಆಯ್ದು ತಂದನು. ಲಕ್ಕಮ್ಮನು ಅದನ್ನು ನೋಡಿದ ಕೂಡಲೆ, ಇದು ನಿತ್ಯದ ಅಳತೆಗಿಂತ ಹೆಚ್ಚಾಗಿದೆ, ಇಷ್ಟು ನಮಗೆ ಬೇಡ, ತಂದಲ್ಲಿಯೇ ಸುರಿದು ಬನ್ನಿರೆಂಬ ಅರ್ಥದಲ್ಲಿ ಹೇಳಿದಳು. ಎಷ್ಟು ಹೆಚ್ಚಾಯಿತು, ಏಕೆ ಬೇಡ, ಏನು ಮಾಡಬೇಕು ಎಂಬ ಮೂರೂ ಆ ತಾಯಿಯ ಮಾತಿನಲ್ಲಿದ್ದವು. ಸುತ್ತುಮಾತಿಲ್ಲ, ಬೈಗುಳವಿಲ್ಲ, ಗಂಡನ ಮನಸ್ಸಿಗೆ ನೋವಾದೀತೆಂದು ಸತ್ಯವನ್ನು ನುಂಗಿದ್ದೂ ಇಲ್ಲ. ಮಾರಯ್ಯನು ಕೇಳಿ ತಿರುಗಿ ನಡೆದನು. ಹಿಡಿ ಅಕ್ಕಿಯ ವಿಷಯದಲ್ಲಿ ಆಡಿದ ಆ ಮಾತು ಎಂಟು ನೂರು ವರುಷ ದಾಟಿ ಉಳಿದಿದೆ. ಮಿಕ್ಕ ಅಕ್ಕಿಯನ್ನು ಒಲ್ಲೆನೆಂದವರ ನಾಡಿನಲ್ಲಿ, ಮಾತಿನ ಮರೆಯಿಂದ ಮಿಕ್ಕದ್ದನ್ನು ಗಳಿಸುವದು ಒಪ್ಪುವದೇ?

ಇನ್ನು ಆಚರಣೆಯ ಮಾತು. ವ್ಯವಹಾರದ ಪತ್ರವನ್ನು ಬರೆಯುವ ಮುಂಚೆ, ಓದಿದವನು ಏನು ಮಾಡಬೇಕೆಂಬದನ್ನು ಬರೆಯುವವನು ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಬೇಕು. ತನಗೇ ತಿಳಿಯದ್ದು ಇನ್ನೊಬ್ಬನಿಗೆ ಎಂದೂ ತಿಳಿಯದು. ಮೊದಲ ಸಾಲಿನಲ್ಲಿಯೇ ವಿಷಯವನ್ನು ಹೇಳಬೇಕು. ಮಾಲು ಯಾವದು, ಎಷ್ಟು, ದರವೇನು, ಯಾವ ದಿನ, ಸಾಗಣೆಯ ವೆಚ್ಚ ಯಾರದು ಎಂಬವು ಬಿಡದೆ ಇರಬೇಕು. ಹಣವನ್ನು ಅಕ್ಷರದಲ್ಲಿಯೂ ಬರೆಯಬೇಕು. ‘ಬೇಗ’ ಎಂಬ ಶಬ್ದಕ್ಕೆ ತಾರೀಖು ಇಲ್ಲ. ಆದುದರಿಂದ ತಾರೀಖನ್ನೇ ಬರೆಯಬೇಕು. ಆಗದ ಕೆಲಸವನ್ನು ‘ನೋಡೋಣ’ ಎಂದು ತಿಂಗಳುಗಟ್ಟಲೆ ತೂಗಹಾಕದೆ ಆಗದೆಂದು ಮರ್ಯಾದೆಯಿಂದ ಹೇಳಿಬಿಡಬೇಕು. ಅವನು ಬೇರೆ ದಾರಿಯನ್ನಾದರೂ ಹುಡುಕಿಕೊಳ್ಳುವನು. ಬಾಕಿಯನ್ನು ಕೇಳುವಾಗ ಬಾಕಿಯನ್ನಷ್ಟೇ ಕೇಳಬೇಕು, ಮನೆತನವನ್ನು ಎತ್ತಬಾರದು. ಸಿಟ್ಟಿನಲ್ಲಿ ಬರೆದ ಪತ್ರವನ್ನು ಒಂದು ರಾತ್ರಿ ಇಟ್ಟು, ಬೆಳಗಿನ ಲಿಂಗಪೂಜೆಯಾದ ಮೇಲೆ ಮತ್ತೊಮ್ಮೆ ಓದಿ ಕಳಿಸಬೇಕು. ಈಗ ಕೈಯಲ್ಲಿರುವ ಮೊಬೈಲಿನಿಂದ ಕ್ಷಣದಲ್ಲಿ ಸಂದೇಶ ಹೋಗುವದರಿಂದ ಈ ನೇಮವು ಹಿಂದಿಗಿಂತ ಈಗ ಹೆಚ್ಚು ಬೇಕಾಗಿದೆ. ಆಡಿದ ಮಾತನ್ನು ಮರೆಯಬಹುದು. ಕಳಿಸಿದ ಸಂದೇಶವು ಇನ್ನೊಬ್ಬನ ಹತ್ತಿರ ಉಳಿದೇ ಇರುವದು.

ಓದು ಬಾರದವರ ಸಂಗಡ ವ್ಯವಹರಿಸುವಾಗ ಇನ್ನೊಂದು ಹೆಚ್ಚಿನ ಹೊಣೆಯಿದೆ. ಕಾಗದವನ್ನು ಅವರ ಭಾಷೆಯಲ್ಲಿ ಓದಿಹೇಳಿ, ‘ತಿಳಿಯಿತೇ’ ಎಂದು ಕೇಳಿದರೆ ಸಾಲದು. ತಿಳಿಯದಿದ್ದರೂ ನಾಚಿಕೆಯಿಂದ ಹೂಂ ಎನ್ನುವರು. ‘ನೀವು ತಿಳಿದದ್ದನ್ನು ಒಮ್ಮೆ ಹೇಳಿರಿ’ ಎಂದು ಅವರ ಬಾಯಿಂದಲೇ ಕೇಳಬೇಕು. ಅವರು ಹೇಳಿದ್ದು ತಾನು ಹೇಳಿದ್ದಕ್ಕೆ ಸರಿಬಂದರೆ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತೆಂದು ತಿಳಿಯಬೇಕು. ಅಲ್ಲಿಯ ವರೆಗೆ ಹೆಬ್ಬೆರಳಿಗೆ ಮಸಿ ಹಚ್ಚಲಾಗದು.

ಇದು ಅಂಗಡಿಕಾರರಿಗೆ ಮಾತ್ರ ಹೇಳಿದ ಮಾತಲ್ಲ. ಮಠಗಳಿಗೂ ಇದು ಅನ್ವಯಿಸುವದು. ದಾಸೋಹಕ್ಕೆಂದು ಭಕ್ತರು ಕೊಟ್ಟ ಒಂದು ಸೇರು ಜೋಳವಾಗಲಿ ಒಂದು ಸಾವಿರ ರೂಪಾಯಿಯಾಗಲಿ, ಯಾರಿಂದ ಬಂದಿತು, ಯಾವದಕ್ಕೆ ಬಂದಿತು, ಯಾವದಕ್ಕೆ ವೆಚ್ಚವಾಯಿತು ಎಂಬದನ್ನು ಮುದುಕಿಯೊಬ್ಬಳು ಕೇಳಿದರೂ ತಿಳಿಯುವ ಮಾತಿನಲ್ಲಿ ಹೇಳಬಲ್ಲ ಲೆಕ್ಕವೇ ಮಠಕ್ಕೆ ಭೂಷಣ. ಭಂಡಾರಿ ಬಸವಣ್ಣನವರ ಹೆಸರನ್ನು ಹೇಳುವವರು ಇದಕ್ಕಿಂತ ಕಡಿಮೆಯಾದದ್ದಕ್ಕೆ ಒಪ್ಪಲಾಗದು.

ಸ್ಪಷ್ಟವಾಗಿ ನುಡಿದವನಿಗೆ ಒಮ್ಮೊಮ್ಮೆ ನಷ್ಟವಾಗುವದು ನಿಜ. ಜಾಮೀನು ಸಿಗದೆ ಹೋಗಬಹುದು, ಗಿರಾಕಿಯು ಎದ್ದು ಪಕ್ಕದ ಅಂಗಡಿಗೆ ನಡೆಯಬಹುದು. ಅದನ್ನು ಮರೆಮಾಚಿ, ಸತ್ಯಕ್ಕೆ ಯಾವಾಗಲೂ ಲಾಭವೆಂದು ಧರ್ಮಸಭೆಯಲ್ಲಿ ಹೇಳಿದರೆ ಅದೂ ಒಂದು ಕಳ್ಳತೂಕವೇ ಆದೀತು. ಆದರೆ ಮಾರಯ್ಯನು ಸುರಿದುಬಂದ ಅಕ್ಕಿಯೂ ನಷ್ಟವೇ ಆಗಿತ್ತು. ಆ ಮನೆಯ ದಾಸೋಹವು ಅದರಿಂದ ನಿಲ್ಲಲಿಲ್ಲ. ಸಿಂಧನೂರಿನ ಗಂಜಿನಲ್ಲಿ, ಲಿಂಗಸುಗೂರಿನ ಪೇಟೆಯಲ್ಲಿ, ಮಸ್ಕಿಯ ಸಂತೆಯಲ್ಲಿ ‘ಅವರು ಮಠದ ಭಕ್ತರು, ಅವರ ಮಾತಿಗೆ ಒಂದೇ ಅರ್ಥ’ ಎಂದು ಜನರು ಆಡಿಕೊಳ್ಳುವಂತಾದರೆ ಈ ಮಹೋತ್ಸವವು ಸಾರ್ಥಕವಾಯಿತು. ಅಂಥ ನುಡಿಯನ್ನೂ ಅದಕ್ಕೊಪ್ಪುವ ನಡೆಯನ್ನೂ ಗುರುಕರುಣೆಯು ಎಲ್ಲರಿಗೂ ದಯಪಾಲಿಸಲಿ.